ಕುರ್ಚಿ ಷಡಕ್ಷರಿ ಹಾಕಿದ ದಾರಿ

ಲಿಂಗದಹಳ್ಳಿಗೆ ಬಂದು ಷಡಕ್ಷರಿ ಮನೆ ಎಲ್ಲಿ ಅಂದರೆ, ಯಾವ ಷಡಕ್ಷರಿ ಅಂತ ತಿರುಗಿ ಕೇಳುತ್ತಾರೆ. ಕುರ್ಚಿ ಷಡಕ್ಷರಿ ಅಂದು ನೋಡಿ, ಬಾಗಿಲಿಗೇ ತಂದು ಬಿಡುತ್ತಾರೆ. ಶಾಮಿಯಾನ, ಮೈಕು, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಅವನದು. ಅಜ್ಜಂಪುರದ ಮದುವೆಗೂ ಅವನದೇ ಕುರ್ಚಿ, ಬೀರೂರಿನ ತಿಥಿಗೂ ಅವನದೇ ಕುರ್ಚಿ. ಜನ ನಗುವುದೂ ಅಳುವುದೂ ತನ್ನ ಕುರ್ಚಿಯ ಮೇಲೇ ಅಂತ ಅವನಿಗೊಂದು ಹೆಮ್ಮೆ. ಆದರೆ ಐವತ್ತು ದಾಟಿದ ಮೇಲೆ ಒಂದು ಅನುಮಾನವೂ ಬಂತು. ಸುತ್ತಮುತ್ತಲಿನವರನ್ನೆಲ್ಲ ಕೂರಿಸುತ್ತಾ ಕೂರಿಸುತ್ತಾ ತಾನೂ ಕೂತೇಬಿಟ್ಟೆನಲ್ಲ ಅಂತ. ಅನುಮಾನಕ್ಕೆ ಸಾಕ್ಷಿ ಬೇಕಿದ್ದರೆ ಹೊಟ್ಟೆ ಇತ್ತು.

ಹಾಗಾಗಿ ಓಡಲು ಶುರು ಮಾಡಿದ. ಓಟ ಅಂತ ಅವನು ಹೇಳುತ್ತಿದ್ದ, ನೋಡಿದವರು ಏನೇನೋ ಹೇಳುತ್ತಿದ್ದರು. ಮೊದಲ ದಿನವೇ ಅದೇ ಊರಿನ ಈರಣ್ಣ ಪಕ್ಕದಲ್ಲಿ ಬೈಕ್ ನಿಲ್ಲಿಸಿ, "ಯಾಕಣ್ಣ, ಬಸ್ ತಪ್ಪೋಯ್ತಾ? ಹತ್ತು, ನಾನೂ ಕಡೂರಿಗೇ ಹೋಗ್ತಿರೋದು" ಅಂದ. ಸುಮ್ಮನೆ ಓಡುತ್ತಿದ್ದೇನೆ ಅನ್ನಲು ಷಡಕ್ಷರಿಗೆ ನಾಚಿಕೆಯಾಯಿತು. ಏನೂ ಕೆಲಸವಿಲ್ಲದಿದ್ದರೂ ಹತ್ತಿದ. ಕಡೂರಿಗೆ ಹೋಗಿ, ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕುಡಿದು, ಬಸ್ಸಿನಲ್ಲಿ ವಾಪಸ್ ಬಂದ. ಹೆಂಡತಿ ಸುಮನಾ, "ಎಷ್ಟು ದೂರ ಓಡಿದ್ರಿ?" ಅಂದಳು. "ಕಡೂರಿನ ತನಕ" ಅಂದ. ಹೋಗಿದ್ದಂತೂ ಸುಳ್ಳಲ್ಲ.

ತರೀಕೆರೆಯಲ್ಲಿ ಬೆಳಿಗ್ಗೆ ಓಡುವವರದೊಂದು ಬಳಗವಿದೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ದೇವರಾಜ ಅದಕ್ಕೆ ಯಜಮಾನ. ಷಡಕ್ಷರಿ ಅಲ್ಲಿಗೂ ಸೇರಿದ. ಸೇರಿದ ಮೇಲೆ ಗೊತ್ತಾಯಿತು, ಅವರು ಸೇರಿಸಿಕೊಂಡದ್ದು ಅವನನ್ನಲ್ಲ, ಅವನ ಕುರ್ಚಿಗಳನ್ನು. ಎಲ್ಲಿ ಓಟವಿದ್ದರೂ, "ಷಡಕ್ಷರಪ್ಪ, ನಿಮ್ಮದು ಬಂತಾ?" ಅಂತ ಮೇಷ್ಟ್ರು ಕೇಳುವರು. ಅವನ ಕಾಲಿನ ಮಾತಲ್ಲ ಅದು, ಕುರ್ಚಿ ಗಾಡಿಯದು. ಫೋಟೋದಲ್ಲಿ ಎಲ್ಲರೂ ಓಟದ ಬನಿಯನ್ ಹಾಕಿಕೊಂಡು ನಿಂತಿದ್ದರೆ ಹಿಂದೆ ಕುರ್ಚಿ ಹೊತ್ತ ಒಂದು ಬೆನ್ನು ಕಾಣುತ್ತಿತ್ತು. ಆ ಬೆನ್ನನ್ನು ಮನೆಯವರೆಲ್ಲ ಗುರುತು ಹಿಡಿಯುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ, ಇವರು ನಮ್ಮ ಓಟಗಾರರು ಅಂತ ಯಾರಾದರೂ ಅನ್ನಲಿ ಎಂಬ ಆಸೆ ಅವನ ಎದೆಯಲ್ಲಿ ಕೂತಿತ್ತು. ಅದಕ್ಕೂ ಅವನದೇ ಕುರ್ಚಿ ಅನ್ನಿ.

ಅವನ ಅದೃಷ್ಟ, ಮೇಷ್ಟ್ರ ಕಾಲು ಉಳುಕಿತು.

ಲಿಂಗದಹಳ್ಳಿಯ ಮಗ್ಗುಲಲ್ಲೇ ಕೋಟೆಗುಡ್ಡ. ಮೀಸಲು ಕಾಡು. ನೆತ್ತಿಯಲ್ಲಿ ಯಾವುದೋ ಪಾಳೇಗಾರನ ಕೋಟೆಯ ಗೋಡೆ, ಅದಕ್ಕಿಂತ ಹಳೆಯದೊಂದು ಕಲ್ಲಿನ ಗುಡಿ. ಗುಡಿಯೊಳಗೆ ದೇವರಿಲ್ಲ, ಬಾವಲಿಗಳಿವೆ. ಅಲ್ಲಿ ಹತ್ತು ಕಿಲೋಮೀಟರ್ ಓಟ ಮಾಡಬೇಕೆಂದು ಬಳಗ ಅರ್ಜಿ ಹಾಕಿತ್ತು. ಅರಣ್ಯ ಇಲಾಖೆಯ ಗಾರ್ಡ್ ಭೂಮಿಕಾ ಬಂದು ಕಟ್ಟುನಿಟ್ಟಾಗಿ ಹೇಳಿಹೋದಳು: "ಮರಕ್ಕೆ ಬಟ್ಟೆ ಕಟ್ಟಂಗಿಲ್ಲ, ಕಲ್ಲಿಗೆ ಬಣ್ಣ ಬಳಿಯಂಗಿಲ್ಲ, ಸುಣ್ಣ ಚೆಲ್ಲಂಗಿಲ್ಲ. ಒಬ್ರು ಕಾಲುದಾರಿ ಬಿಟ್ಟು ಕಾಡೊಳಕ್ಕೆ ಇಳಿದ್ರೂ ಇದೇ ಮೊದಲು, ಇದೇ ಕೊನೆ."

ಗುರುತು ಹಾಕದೆ ಓಡುವವರಿಗೆ ದಾರಿ ತೋರಿಸುವುದು ಹೇಗೆ? ಮೇಷ್ಟ್ರ ಹತ್ತಿರ ಒಂದು ವಾಚಿತ್ತು. ಕಟ್ಟಿಕೊಂಡು ಹೋದ ದಾರಿಯನ್ನೆಲ್ಲ ಗೆರೆ ಎಳೆದು ಇಟ್ಟುಕೊಳ್ಳುತ್ತದೆ. ಆ ಗೆರೆಯನ್ನು ಎಲ್ಲರ ಫೋನಿಗೂ ಕಳಿಸಿದರೆ ಅದನ್ನೇ ನೋಡಿಕೊಂಡು ಓಡುತ್ತಾರೆ. ಮೇಷ್ಟ್ರು ಕಾಲಿಗೆ ಪಟ್ಟಿ ಸುತ್ತಿಕೊಂಡೇ ವಾಚು ಬಿಚ್ಚಿ ಷಡಕ್ಷರಿಗೆ ಕಟ್ಟಿದರು. "ಗುಡ್ಡದ ಬುಡದಲ್ಲೇ ಇದೀರಿ, ನೀವೇ ಓಡಿ ಬನ್ನಿ. ದಾರಿ ಹಾಕೋ ಜವಾಬ್ದಾರಿ ನಿಮ್ಮದು" ಅಂದರು.

ಷಡಕ್ಷರಿ ಆ ರಾತ್ರಿ ವಾಚು ಕಟ್ಟಿಕೊಂಡೇ ಉಂಡ. ಮಾರನೆಯ ಬೆಳಿಗ್ಗೆ ಗುಡ್ಡ ಹತ್ತಿ, ಇಳಿದು, ಹೋಗಿ ಮೇಷ್ಟ್ರಿಗೆ ಕೊಟ್ಟ. ವಾಚು ಸರಿಯಾಗಿ ಹತ್ತು ಕಿಲೋಮೀಟರ್ ತೋರಿಸಿತು. "ಅಳತೆ ಮಾಡಿ ಕತ್ತರಿಸಿದಂಗಿದೆ ಕಣ್ರೀ" ಅಂತ ಮೇಷ್ಟ್ರು ಬೆನ್ನು ತಟ್ಟಿದರು. ಭೂಮಿಕಾ ಗೆರೆ ಎಲ್ಲೂ ಕಾಲುದಾರಿ ಬಿಟ್ಟು ಕಾಡೊಳಕ್ಕೆ ಇಳಿದಿಲ್ಲವೆಂದು ನೋಡಿ ಸಹಿ ಹಾಕಿದಳು. ಗೆರೆ ಎಲ್ಲರ ಫೋನಿಗೂ ಹೋಯಿತು.

ಓಟದ ದಿನ ಶಿವಮೊಗ್ಗ, ಹಾಸನದ ಕಡೆಯಿಂದೆಲ್ಲ ಜನ ಬಂದರು. ಷಡಕ್ಷರಿ ಕುರ್ಚಿ ಇಳಿಸಿ, ಮೈಕು ಕಟ್ಟಿ, ಬನಿಯನ್ನು ತೊಟ್ಟು ನಿಂತ. ಯಾರೂ ಹಿಂದೆ ಉಳಿಯದಂತೆ ಎಲ್ಲರಿಗಿಂತ ಕೊನೆಗೆ ಓಡುವ ಕೆಲಸ ಅವನಿಗೆ ಕೊಟ್ಟಿದ್ದರು. ಕೊಡದಿದ್ದರೂ ಅವನು ಅಲ್ಲೇ ಇರುತ್ತಿದ್ದ.

ಏದುಸಿರು ಬಿಡುತ್ತಾ ನೆತ್ತಿ ಮುಟ್ಟಿದಾಗ ಅವನ ಕಣ್ಣಿಗೆ ಬಿದ್ದದ್ದು ಗುಡಿ. ಹಿಂದಿನ ಸಾಲಿನವರು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಒಂದಲ್ಲ, ಮೂರು ಸುತ್ತು. ಷಡಕ್ಷರಿಗೆ ಕಣ್ಣು ಒದ್ದೆಯಾಯಿತು. ನೋಡಪ್ಪ, ಪಟ್ಟಣದವರು ಅಂತೀವಿ, ದೇವರಿಲ್ಲದ ಗುಡಿಗೂ ಎಷ್ಟು ಭಕ್ತಿ. ಆಮೇಲೆ ನೋಡಿದರೆ ಒಬ್ಬರೂ ಗುಡಿ ಕಡೆ ಕತ್ತೆತ್ತುತ್ತಿಲ್ಲ. ಎಲ್ಲರೂ ಫೋನು ನೋಡಿಕೊಂಡು ಸುತ್ತುತ್ತಿದ್ದಾರೆ.

ಅವನ ಕಾಲು ನಿಂತಿತು.

ಗುಡಿ ಅಂದರೆ ಮೂರು ಸುತ್ತು. ತಾಯಿ ಸೊಂಟದಲ್ಲಿ ಎತ್ತಿಕೊಂಡಾಗಿನಿಂದ ಅಭ್ಯಾಸ. ಆವತ್ತೂ ಹಾಕಿದ್ದ. ಹಾಕಿದ್ದು ಅವನ ನೆನಪಿನಲ್ಲಿರಲಿಲ್ಲ, ವಾಚಿನ ನೆನಪಿನಲ್ಲಿತ್ತು. ಹಾಗಾದರೆ ಮತ್ತೇನೇನು ಮಾಡಿದ್ದೆ ಆವತ್ತು? ಗಾಳಿಗೆ ಟವೆಲ್ಲು ಹಾರಿ, ಬುರುಜಿನ ಕೊನೆಯ ಲಂಟಾನ ಪೊದೆಗೆ ಸಿಕ್ಕಿಕೊಂಡಿತ್ತು, ಕಾಲುದಾರಿಯಲ್ಲೇ ಹೋಗಿ ತಂದಿದ್ದೆ. ತಲೆ ಎತ್ತಿದರೆ, ಅಗೋ, ಬುರುಜಿನ ಕೊನೆಗೆ ಸಾಲಾಗಿ ಓಡಿಹೋಗಿ, ಪೊದೆ ಮುಟ್ಟಿ, ಸಾಲಾಗಿ ವಾಪಸ್ ಬರುತ್ತಿದ್ದಾರೆ. ಒಬ್ಬ ಪುಣ್ಯಾತ್ಮ ಪೊದೆಯ ಫೋಟೋ ಬೇರೆ ತೆಗೆಯುತ್ತಿದ್ದ.

ಅದಾದ ಮೇಲೆ? ಅದಾದ ಮೇಲೆ ಇಳಿಜಾರಿನಲ್ಲಿ, ಕಾಡು ಮುಗಿಯುವಲ್ಲಿ, ಗೆಳೆಯ ಬೀರಯ್ಯನ ಮನೆ. ಆವತ್ತು ಬೀರಯ್ಯ ಜಗುಲಿಯಿಂದ, "ನಮ್ಮನೆ ಮುಂದೆ ಓಡಿ ಹೋಗೋ ಅಷ್ಟು ಬೇರೆಯಾದ್ವಾ ಅಣ್ಣ?" ಅಂದಿದ್ದ. ಒಳಗೆ ಹೋಗಿ, ಕಾಫಿ ಕುಡಿದು, ಹಿತ್ತಿಲಿಂದ ದಾಟಿ, ಅವನ ತೋಟದ ಹೊಸ ಪಂಪ್‌ಸೆಟ್ಟನ್ನೂ ನೋಡಿಕೊಂಡು ಬಂದಿದ್ದ.

ಅಡ್ಡ ಇಳಿದು ಮುಂದೆ ಹೋಗಿ ತಡೆಯೋಣವೆಂದು ಷಡಕ್ಷರಿ ಪೊದೆಗಳ ಕಡೆ ಒಂದು ಹೆಜ್ಜೆ ಇಟ್ಟ. ಕೋಟೆ ಬಾಗಿಲ ನೆರಳಲ್ಲಿ ನಿಂತಿದ್ದ ಭೂಮಿಕಾ, "ಅಣ್ಣ, ಕಾಲುದಾರಿ" ಅಂದಳು. ಅಷ್ಟೇ ಅಂದದ್ದು. ಇಳಿದರೆ ಈ ಗುಡ್ಡದಲ್ಲಿ ಇನ್ನು ಓಟವಿಲ್ಲ. ಇಳಿಯದಿದ್ದರೆ, ಓಟಗಾರ ಅನ್ನಿಸಿಕೊಳ್ಳಬೇಕಾದವನು ಊರೂರ ಬಾಯಲ್ಲಿ ನಗೆಪಾಟಲು. ಷಡಕ್ಷರಿ ಕಾಲು ಹಿಂದಕ್ಕೆ ತೆಗೆದ. ತನ್ನ ಪೆದ್ದುತನವನ್ನು ಪೂರ್ತಿ ತಾನೇ ಓಡಿ ಮುಗಿಸಬೇಕೆಂದು ಗೊತ್ತಾದ ಮೇಲೆ ಮೂರು ಸುತ್ತು ಹಾಕಿದ, ಪೊದೆ ಮುಟ್ಟಿದ, ಇಳಿಜಾರಿನಲ್ಲಿ ಹೊಟ್ಟೆಯ ಹಿಂದೆ ತಾನು ಓಡಿದ.

ಬೀರಯ್ಯನ ಅಂಗಳದಲ್ಲಿ ಅವನ ಹೆಂಡತಿ ಕಾಂತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಣ್ಣ ಇದು? ಬೆಳಿಗ್ಗೆಯಿಂದ ಜನ ಜಗುಲಿಗೆ ಬತ್ತಾರೆ, ನಡುಮನೆ ದಾಟ್ತಾರೆ, ಹಿತ್ತಿಲಿಂದ ಹೋಯ್ತಾರೆ. ಪಾಪ, ಚಪ್ಲಿ ಬಿಡ್ಲಾ ಅಂತ ಕೇಳ್ತಾರೆ. ಪಂಪ್‌ಸೆಟ್ ತಾವ ಹೋಗಿ ನಿಂತು, ಇದೇನಾ ಅಂತಾರೆ."

"ನೀನೇನಂದೆ?"

"ನಾನೇನನ್ಲಿ? ಇದೇ ಕಣ್ರಪ್ಪ, ಸಬ್ಸಿಡಿದು ಅಂದೆ. ಮೊದಲು ಬಂದೋರಿಗೆಲ್ಲ ಕಾಫಿ ಕೊಟ್ಟೆ, ಆಮೇಲೆ ಬಂದೋರಿಗೆ ಮಜ್ಜಿಗೆ. ನಿಮಗೆ ನೀರೇ ಗತಿ."

ನೀರು ಕುಡಿದು ಕೊನೆಗೂ ತಲುಪಿದಾಗ ಎಲ್ಲರೂ ಅವನ ಕುರ್ಚಿಗಳ ಮೇಲೆ ಕೂತಿದ್ದರು. ಶಿವಮೊಗ್ಗದಿಂದ ಬಂದು ಮೊದಲನೆಯವಳಾಗಿ ಮುಗಿಸಿದ್ದ ಮಾಲಿನಿ ಎಂಬಾಕೆ, "ದಾರಿ ಹಾಕಿದವರು ಯಾರು?" ಅಂತ ಕೇಳುತ್ತಿದ್ದಳು. ಮೇಷ್ಟ್ರು ಮೈಕಿನ ಕಡೆ ನೋಡಿದರು. ಷಡಕ್ಷರಿ ಮೈಕು ಹಿಡಿದ. ಎಷ್ಟೋ ವರ್ಷ ಹಲೋ ಹಲೋ ಅಂತ ಪರೀಕ್ಷೆ ಮಾಡಿದ್ದ ಮೈಕು, ಮಾತಾಡಿದ್ದು ಇದೇ ಮೊದಲು.

"ನಾನೇ" ಅಂದ. "ಗುಡಿ ಸುತ್ತಿದ್ದು ಅಭ್ಯಾಸ. ಪೊದೆ ತಾವ ಹೋಗಿದ್ದು ಟವೆಲ್ಲಿಗೆ. ಬೀರಯ್ಯನ ಮನೆಗೆ ಹೋಗಿದ್ದು ಕರೆದ್ರಲ್ಲ ಅಂತ. ನಿಮ್ಮನ್ನ ಕರೀದಿದ್ರೂ ನೀವು ಹೋದ್ರಿ. ದೊಡ್ಡ ಮನಸ್ಸು."

ಎಲ್ಲರೂ ನಕ್ಕರು ನೋಡಿ, ಕುರ್ಚಿ ಮುರಿಯುತ್ತವೋ ಎಂದು ಅವನಿಗೆ ಭಯವಾಯಿತು. ಮಾಲಿನಿ ಕಣ್ಣೊರೆಸಿಕೊಂಡು, "ನಾನು ಬುರುಜಿನ ಪೊದೆಗೆ ಏನೋ ಇತಿಹಾಸ ಇದೆ ಅಂದ್ಕೊಂಡಿದ್ದೆ" ಅಂದಳು.

ಮೇಷ್ಟ್ರು ಮಾತ್ರ ನಗದೆ ಫೋನಿನಲ್ಲಿ ಗೆರೆ ಅಳಿಸುತ್ತಿದ್ದರು. ಸುತ್ತು ತೆಗೆದರು, ಪೊದೆ ತೆಗೆದರು, ಪಂಪ್‌ಸೆಟ್ ತೆಗೆದರು. "ಷಡಕ್ಷರಪ್ಪ, ಇವನ್ನೆಲ್ಲ ತೆಗೆದ್ರೆ ಹತ್ತು ಕಿಲೋಮೀಟರ್ ಆಗಲ್ಲ ಕಣ್ರೀ. ಒಂಬತ್ತೂ ಸಾಲದು."

"ಕಾಲುದಾರಿ ಯಾರೂ ಬಿಡಲಿಲ್ಲ" ಅಂದಳು ಭೂಮಿಕಾ. "ಮನೆಯೊಳಗೆ ಹೋದ್ರೆ ಇಲಾಖೆದೇನೂ ತಕರಾರಿಲ್ಲ. ಮುಂದಿನ ವರ್ಷಕ್ಕೂ ಬರೆದು ಕಳಿಸ್ತೀನಿ. ಆದ್ರೆ ಕಮ್ಮಿ ಬಿದ್ದ ದಾರಿ ಹುಡುಕಬೇಕಲ್ಲ."

ಮೇಷ್ಟ್ರು ಫೋನು ಜೇಬಿಗಿಟ್ಟು, "ಮುಂದಿನ ಸಲ ಕುರ್ಚಿ ಕಡೂರಿನವರಿಗೆ ಹೇಳಿಬಿಡೋಣ" ಅಂದರು.

ಓಟವೂ ಹೋಯ್ತು, ಕುರ್ಚಿಯೂ ಹೋಯ್ತು ಅಂದುಕೊಂಡ ಷಡಕ್ಷರಿ.

"ಯಾಕೆ ಮುಖ ಸಣ್ಣ ಮಾಡ್ಕೊಂಡ್ರಿ?" ಅಂದರು ಮೇಷ್ಟ್ರು. "ದಾರಿ ಹುಡುಕೋಕೆ ಓಡೋರು ನೀವು. ಓಡೋರು ಕುರ್ಚಿ ಹೊರೋಕಾಗುತ್ತಾ?"

ಸಂಜೆ ಮನೆಗೆ ಬಂದು ಅದೇ ಮಾತನ್ನು ಸುಮನಾಗೆ ಎರಡು ಸಲ ಹೇಳಿದ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, "ಒಟ್ನಲ್ಲಿ ಒಂದು ಗಿರಾಕಿ ಕಳ್ಕೊಂಡು ಬಂದ್ರಿ ಅನ್ನಿ" ಅಂದಳು.

"ಹೂಂ ಕಣೇ" ಅಂದ ಷಡಕ್ಷರಿ. ಇಷ್ಟು ಸಂತೋಷದಿಂದ ಅವನು ಯಾವ ಗಿರಾಕಿಯನ್ನೂ ಕಳೆದುಕೊಂಡಿರಲಿಲ್ಲ.