ಕಾಪೆಲ್‌ನ ಬಿಸಿ ಮೆಟ್ಟಿಲು

ಟೆಕ್ಸಸ್‌ಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ, ಚಪ್ಪಲಿಯ ಅಂಟು ಬಿಡುವಂಥ ಆಗಸ್ಟ್ ಬಿಸಿಲಲ್ಲಿ ಮನೆಯೊಂದರ ಮೆಟ್ಟಿಲಿನ ಕಾಂಕ್ರೀಟಿನೊಳಗೆ ಐಸ್ ಕರಗಿಸುವ ತಂತಿ ಹಾಸಿದ್ದು. ಗದಗಿನವಳಾದ ನನಗೆ ನಗು ತಡೆಯಲಾಗಲಿಲ್ಲ. ಆದರೆ ಡಾಲಸ್ ಸುತ್ತ ಚಳಿಗಾಲದಲ್ಲಿ ಒಂದೆರಡು ದಿನ ಮಳೆ ನೆಲಕ್ಕೆ ಬಿದ್ದ ಕೂಡಲೇ ಹೆಪ್ಪುಗಟ್ಟಿ ಗಾಜಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಲಿಟ್ಟಾಗಲೇ ಗೊತ್ತಾಗುವುದು.

ಡಾಲಸ್ ಪಕ್ಕದ ಕ್ಯಾರಲ್ಟನ್‌ನ ಅಪಾರ್ಟ್‌ಮೆಂಟಿನಲ್ಲಿ ನಾನು, ನನ್ನ ಗಂಡ ಇಬ್ಬರೇ. ನನ್ನ ಬಳಿ ಎಲೆಕ್ಟ್ರಿಕಲ್ ಡಿಪ್ಲೊಮಾ ಇತ್ತು. ವರ್ಕ್ ಪರ್ಮಿಟ್ ಬಂದ ವಾರವೇ, ಇಲ್ಲೇ ನೆಲೆಸಿದ್ದ ಬಾಗಲಕೋಟೆಯ ಶಿವಾನಂದ ಅಂಕಲ್ ತಮ್ಮ ಪುಟ್ಟ ಎಲೆಕ್ಟ್ರಿಕಲ್ ಕಂಪನಿಗೆ ಸೇರಿಸಿಕೊಂಡರು. ನಮ್ಮೂರಲ್ಲಿ ರಿಪೇರಿಗೆ ಹೋದರೆ ಮೊದಲು ನೀರು ಕೊಟ್ಟು, ಯಾರ ಮಗಳು ಎಂದು ಕೇಳುತ್ತಿದ್ದರು. ಇಲ್ಲಿ ಗ್ಯಾರೇಜಿನ ಬಾಗಿಲು ತಾನೇ ಮೇಲೇರುತ್ತಿತ್ತು, ಕೆಲಸ ಮುಗಿದ ಮೇಲೆ ತಾನೇ ಇಳಿಯುತ್ತಿತ್ತು. ಎಷ್ಟೋ ದಿನ ನನ್ನೊಡನೆ ಮಾತಾಡುತ್ತಿದ್ದುದು ಡ್ರೈವ್ ಮಾಡುವಾಗ ದಾರಿ ಹೇಳುವ ಫೋನೊಂದೇ.

ಆ ಮೆಟ್ಟಿಲಿನ ಮನೆ ಕಾಪೆಲ್‌ನಲ್ಲಿತ್ತು, ಸುಧಾ ಎಂಬವರದು. ಹಿಂದಿನ ಚಳಿಗಾಲದಲ್ಲಿ ಅವರ ತಾಯಿ ಶಾರದಮ್ಮ ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅದಕ್ಕೇ ಈ ಏರ್ಪಾಡು.

ಕಾಂಕ್ರೀಟು ಗಟ್ಟಿಯಾದ ಮೇಲೆ, ಸೆಪ್ಟೆಂಬರಿನಲ್ಲಿ, ಟೆಸ್ಟ್ ಮಾಡಲು ಮತ್ತೆ ಹೋದೆವು. ತಂತಿಗಳ ನಡುವೆ ಬೆರಳುದ್ದದ ಒಂದು ಸೆನ್ಸರ್ ಹುದುಗಿಸಿರುತ್ತೇವೆ. ನೆಲ ಒಂದು ಮಿತಿ ದಾಟಿ ಬಿಸಿಯಾದರೆ ಅದು ಕರೆಂಟು ನಿಲ್ಲಿಸುತ್ತದೆ. ಅವತ್ತು ಬಿಸಿಲಿಗೇ ಮೆಟ್ಟಿಲು ಆ ಮಿತಿ ದಾಟಿದ್ದರಿಂದ ತಂತಿಗೆ ಕರೆಂಟೇ ಹೋಗಲಿಲ್ಲ.

"ಜಂಪರ್ ಹಾಕವಾ ಜ್ಯೋತಿ," ಅಂದರು ಅಂಕಲ್. "ಟೆಸ್ಟ್ ಆದಕೂಡ್ಲೆ ತಗದಬಿಡು. ನಾ ಇನ್ನೊಂದ್ ಸೈಟಿಗೆ ಹೊಂಟೆ."

ಜಂಪರ್ ಎಂದರೆ ಗೇಣುದ್ದದ ತುಂಡು ತಂತಿ. ಗೋಡೆಯ ಪೆಟ್ಟಿಗೆಯಲ್ಲಿ ಸೆನ್ಸರಿನ ಎರಡು ತುದಿಗಳನ್ನು ಅದರಿಂದ ಸೇರಿಸಿದರೆ ಸೆನ್ಸರಿನ ಮಾತು ನಡೆಯುವುದಿಲ್ಲ. ಹಾಕಿದೆ. ಮೀಟರ್ ಎಲ್ಲ ಸರಿಯಿದೆ ಎಂದು ತೋರಿಸಿತು, ಸ್ವಿಚ್ ಆರಿಸಿದೆ. ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು.

"ಯಾರವಾ ನೀ? ಇಂಥಾ ಬಿಸಲಾಗ ಹೆಣ್ಣಮಗಳು! ಒಳಗ ಬಾ, ಮಜ್ಜಿಗಿ ಕುಡಿ."

ಧಾರವಾಡದ ಮಾತು. ಶಾರದಮ್ಮನ ಅಡುಗೆಮನೆಯಲ್ಲಿ ಒಂದು ಗಂಟೆ ಕೂತೆ. ಗದಗಿನ ಯಾವ ಓಣಿ, ಮದುವೆ ಎಲ್ಲಾಯಿತು, ಊಟಕ್ಕೆ ಏನು ಮಾಡಿಕೊಳ್ಳುತ್ತೀ, ಎಲ್ಲ ಕೇಳಿದರು. ಹೇಳುತ್ತ ಹೇಳುತ್ತ ನಾನು ಅತ್ತುಬಿಟ್ಟೆ. ಅವರು ತಲೆ ಸವರಿದರು. ಹಗುರ ಮನಸ್ಸಿನಿಂದ ಹೊರಗೆ ಬಂದು ಪೆಟ್ಟಿಗೆ ಮುಚ್ಚಿದೆ. ಚೆಕ್‌ಲಿಸ್ಟಿನಲ್ಲಿ 'ಜಂಪರ್ ತೆಗೆದಿದೆ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ.

ತೆಗೆದಿರಲಿಲ್ಲ.

ಡಿಸೆಂಬರಿನಲ್ಲಿ ಗಾಜಿನ ಮಳೆ ಬಿತ್ತು, ಸುಧಾ ಮೆಟ್ಟಿಲಿನ ಸ್ವಿಚ್ ಹಾಕಿದ್ದರು. ಮಾರನೆಯ ದಿನ ಅಂಕಲ್‌ಗೆ ಅವರ ಫೋನ್ ಬಂತು. ಶಾರದಮ್ಮ ಆಸ್ಪತ್ರೆಯಲ್ಲಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಶಾಖಕ್ಕೆಂದು ಮೆಟ್ಟಿಲ ಮೇಲೆ ಬರಿಗಾಲಿಟ್ಟು, ಮೊಣಕಾಲಿನಿಂದ ನೆಲದವರೆಗೆ ರಗ್ಗು ಹೊದ್ದು ಬಹಳ ಹೊತ್ತು ಕೂತಿದ್ದರಂತೆ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶವೇ ಇರಲಿಲ್ಲ. ರಗ್ಗಿನಡಿ ಶಾಖ ಏರುತ್ತಲೇ ಹೋಗಿ ಅಂಗಾಲು ಬೆಂದಿತ್ತು.

ಅಂಕಲ್ ಜೊತೆ ಹೋಗಿ ಪೆಟ್ಟಿಗೆ ತೆರೆದೆ. ನಾನು ಹಾಕಿದ ಕೆಂಪು ತಂತಿ ಹಾಗೇ ಇತ್ತು.

ಅಂಕಲ್ ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿದರು. "ಸೆನ್ಸರ್ ಕೆಟ್ಟಿತ್ತು ಅಂದ್ರ ಮುಗೀತು. ಇದನ್ನ ಇನ್ನೂ ಯಾರೂ ನೋಡಿಲ್ಲ."

"ನಾ ನೋಡೇನಲ್ರಿ ಅಂಕಲ್."

ಆಸ್ಪತ್ರೆಗೆ ಹೋಗಿ ಸುಧಾಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು, "ಸಹಿ ಯಾರದು?"

"ನಂದೇರಿ."

"ಹೊರಗ ನಡಿ."

ಶಾರದಮ್ಮನ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಬೇಸಗೆಗೆ ಮುಂಚೆ ಅವರು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿ ಧಾರವಾಡದ ಮಗನ ಮನೆಗೆ ಹೋದರೆಂದು ಯಾರೋ ಹೇಳಿದರು. ಅಂಕಲ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಸುಲಭವಾಗುತ್ತಿತ್ತೇನೋ. ದೇವಸ್ಥಾನದಲ್ಲಿ ಸಾಲಾಗಿ ನಿಂತವರ ಬರಿಗಾಲುಗಳ ಮೇಲೆ ಕಣ್ಣು ಹೋದರೆ ಬೆರಳು ಎಣಿಸತೊಡಗುತ್ತಿದ್ದೆ. ಹೋಗುವುದನ್ನೇ ಬಿಟ್ಟೆ. ಗಂಡನಿಗೆ ಹ್ಯೂಸ್ಟನ್‌ಗೆ ವರ್ಗವಾಗಿ, ಅದರ ಪಕ್ಕದ ಫುಲ್‌ಶೀರ್‌ಗೆ ನಾವು ಶಿಫ್ಟ್ ಆದಾಗ ಉಸಿರು ಬಿಟ್ಟೆ. ಅಲ್ಲಿ ಯಾರೂ ನೆಲದೊಳಗೆ ತಂತಿ ಹಾಸುವುದಿಲ್ಲ. ಆದರೂ ಇಂದಿಗೂ ಬೆಳಿಗ್ಗೆ ಅಂಗೈಯಿಂದ ನೆಲ ಮುಟ್ಟಿ ನೋಡಿಯೇ ಮಂಚದಿಂದ ಕಾಲಿಳಿಸುತ್ತೇನೆ.

ಎರಡು ವರ್ಷದ ನಂತರ ಊರಿಗೆ ಹೋದವಳು ವಿಳಾಸ ಹುಡುಕಿಕೊಂಡು ಧಾರವಾಡಕ್ಕೆ ಹೋದೆ. ಶಾರದಮ್ಮ ಕೋಲೂರಿಕೊಂಡು ತಾವೇ ಬಾಗಿಲು ತೆಗೆದರು. ನಮಸ್ಕಾರ ಮಾಡಲು ಬಗ್ಗಿದೆ. ಕೈ ಪಾದದ ಹತ್ತಿರ ಹೋಗಿ ನಿಂತುಬಿಟ್ಟಿತು.

"ಮುಟ್ಟವಾ, ನೋಯಂಗಿಲ್ಲ," ಅಂದರು. "ಅಲ್ಲೆ ನನಗ ಏನೂ ಗೊತ್ತಾಗಂಗಿಲ್ಲ. ಅವತ್ತೂ ಗೊತ್ತಾಗ್ಲಿಲ್ಲ. ಮೊಣಕಾಲಿಗೆ ಶಾಖ ಹತ್ತಿತ್ತು, ಭಾಳ ಹಿತ ಅನಿಸ್ತು. ಎದ್ದು ಹೋಗಲಿಕ್ಕೆ ಮನಸ್ಸಾಗಲಿಲ್ಲ."

ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಊಟಕ್ಕೆ ಕೂಡಿಸಿದರು, ಸಂಜೆಯವರೆಗೆ ಮಾತಾಡಿದೆವು. ಹೊರಡುವಾಗ ಬಾಗಿಲ ತನಕ ಬಂದರು.

"ಊರಿಗೆ ಬಂದಾಗೊಮ್ಮೆ ಬಾರವಾ. ಆದ್ರ ಸುಧಾಗ ಮಾತ್ರ ತಿಳೀಬಾರದು. ಆಕಿಗೆ ತಡಕೊಳ್ಳಲಿಕ್ಕೆ ಆಗಂಗಿಲ್ಲ."

ಈಗ ಪ್ರತಿ ಸಲವೂ ಹೋಗುತ್ತೇನೆ. ಆ ಮನೆಯಲ್ಲಿ ನನಗೊಂದು ತಟ್ಟೆ ಇದೆ, ಕೂರುವ ಜಾಗ ಇದೆ. ಟೆಕ್ಸಸ್‌ಗೆ ಮರಳಿದ ಮೇಲೆ ಯಾರಾದರೂ ಊರಲ್ಲಿ ಎಲ್ಲೆಲ್ಲಿ ಹೋಗಿದ್ದೆ ಎಂದು ಕೇಳಿದರೆ ಹುಬ್ಬಳ್ಳಿ, ಗದಗ ಎನ್ನುತ್ತೇನೆ. ಧಾರವಾಡದ ಹೆಸರು ಎತ್ತುವುದಿಲ್ಲ.