ಅಮ್ಮನನ್ನು ಕೇಳಿ ಹೇಳುತ್ತೇನೆ

ನಾನು ಓದಿದ್ದೇನು ಎಂಬುದು ಚಾಮರಾಜಪೇಟೆಯ ನಮ್ಮ ಬೀದಿಯವರಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಸಾರ್ವಜನಿಕ ಆರೋಗ್ಯ ಎಂದರೆ ಕಾರ್ಪೊರೇಷನ್ ಕೆಲಸ ಎಂದುಕೊಂಡು, ಕಸದ ಗಾಡಿ ಬರದಿದ್ದರೆ ನನ್ನನ್ನೇ ಹಿಡಿಯುತ್ತಾರೆ. ಅಮ್ಮನಂತೂ, "ಡಾಕ್ಟರ್ ಅಲ್ಲ, ಆದ್ರೆ ಡಾಕ್ಟರುಗಳಿಗೇ ಹೇಳ್ಕೊಡ್ತಾಳೆ" ಎಂದು ಮಾತು ಮುಗಿಸಿಬಿಡುತ್ತಾಳೆ. ನಮ್ಮ ತರಗತಿಯಲ್ಲಿ ಹಲ್ಲಿನ ಡಾಕ್ಟರ್ ಇದ್ದಳು, ಸಮಾಜಶಾಸ್ತ್ರದವನಿದ್ದ, ಒಬ್ಬ ಎಂಜಿನಿಯರೂ ಇದ್ದ. ಎಲ್ಲವನ್ನೂ ಬೆರೆಸಿ ಕಲಿತ ನಮಗೆ ಹೆಚ್ಚಾಗಿ ಸಿಕ್ಕಿದ್ದು ವರ್ಷದ ಗುತ್ತಿಗೆ. ಅದು ಮುಗಿದರೆ ಇನ್ನೊಂದು.

ನನ್ನ ಪಾಲಿನ ಗುತ್ತಿಗೆ ಕಲಾಸಿಪಾಳ್ಯದ ಕಡೆಯ ಒಂದು ತರಕಾರಿ ಬೀದಿಯದು. ಅಲ್ಲಿ ವ್ಯಾಪಾರಕ್ಕೆ ಕೂರುವ ಹೆಂಗಸರ ಆರೋಗ್ಯ ವಿಚಾರಿಸಿ ಬರೆಯಬೇಕಿತ್ತು. ಸೊಪ್ಪು ಮಾರುವ ಅಕ್ಕ ಪರಿಚಯವಾದದ್ದು ಅಲ್ಲೇ. ಬೆಳಕು ಹರಿಯುವ ಮುಂಚೆ ಬಂದು ಕೂತರೆ ಮನೆಗೆ ಹೋಗುವ ತನಕ ಆಕೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ.

"ಕುಡುದ್ರೆ ಎಲ್ಲಿಗವ್ವಾ ಹೋಗಾನ? ಆ ಮೂಲೆ ಕಕ್ಕಸಿಗೆ ಬೀಗ ಜಡ್ದವ್ರೆ. ಉರಿ ತಡ್ಕೊಂಡು ಕೂತಿದೀನಿ. ನಿಮ್ಮಂಥೋರು ಬರ್ದ್ರೆ ಏನಾರಾ ಆದಾತು."

ಬರೆದೆ. ವರದಿ ಹೋಯಿತು, ಗುತ್ತಿಗೆ ಮುಗಿಯಿತು, ಬೀಗ ಮಾತ್ರ ಅಲ್ಲೇ ಉಳಿಯಿತು. ಕಾಯಂ ಕೆಲಸವೊಂದರ ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಈ ಅಕ್ಕನ ಕತೆಯನ್ನೇ. ಕತೆ ಹೇಳುವುದು ನನಗೆ ಅಜ್ಜಿಯಿಂದ ಬಂದದ್ದು. ಎಲ್ಲಿ ನಿಲ್ಲಿಸಿದರೆ ಕೇಳುವವರ ಗಂಟಲು ಕಟ್ಟುತ್ತದೆ ಎಂದು ಗೊತ್ತಿತ್ತು, ಅಲ್ಲೇ ನಿಲ್ಲಿಸಿದೆ. ಕೆಲಸ ಸಿಕ್ಕಿತು. ಅಂದಿನಿಂದ ಸೊಪ್ಪು ತರಲು ಬಸವನಗುಡಿಗೆ ಹೋಗತೊಡಗಿದೆ.

ಹೋದ ತಿಂಗಳು ಅಮ್ಮನಿಗೆ ಎಳೇ ದಂಟೇ ಬೇಕಾಯಿತು. ಹಳೇ ಬೀದಿಗೇ ಹೋದೆ.

"ಏನ್ ಡಾಕ್ಟ್ರಮ್ಮಾ, ದಾರಿ ಮರ್ತೋಯ್ತಾ? ಕೆಲ್ಸ ಗಿಲ್ಸ ಸಿಕ್ತಾ?" ಎಂದರು ಅಕ್ಕ.

"ಸಿಕ್ತು ಅಕ್ಕ. ಪರ್ಮನೆಂಟು."

"ಒಳ್ಳೇದಾತು ಬುಡು. ನಮ್ ಬೀಗಾನೂ ಪರ್ಮನೆಂಟೇ!"

ಪಕ್ಕದ ನಿಂಬೆಹಣ್ಣಿನವಳು ಗೊಳ್ಳೆಂದು ನಕ್ಕಳು. ನಾನೂ ನಕ್ಕೆ. ಅಕ್ಕ ದಂಟು ಕಟ್ಟುತ್ತಾ, "ನಿಮ್ಮನೆ ಇಲ್ಲೇ ಪೇಟೆಯಾಗೆ ಅಂದಿದ್ದೆ ಅಲ್ವಾ? ಅಲ್ಲಿಗೇ ಬಂದ್ಬುಡ್ಲಾ, ದಿನಕ್ಕೊಂದ್ಸಲ?" ಎಂದರು. ತಮಾಷೆಯ ದನಿಯೇ. ಆದರೆ ಕೈ ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು.

"ಅಮ್ಮನ್ನ ಒಂದ್ಮಾತು ಕೇಳಿ ಹೇಳ್ತೀನಿ ಅಕ್ಕ."

"ಆಯ್ತು ಬುಡವ್ವಾ, ಕೇಳು" ಎಂದು ಅವರು ಚೊಂಬಿನ ನೀರನ್ನು ಸೊಪ್ಪಿನ ಮೇಲೆ ಚಿಮುಕಿಸಿದರು.

ದಾರಿಯುದ್ದಕ್ಕೂ ಅಮ್ಮನ ಮಡಿ, ಅಮ್ಮನ ಪೂಜೆ ಎಂದು ಕಾರಣ ಜೋಡಿಸಿಕೊಂಡು ಬಂದೆ. ವಿಷಯ ಹೇಳಿದರೆ ಅಮ್ಮನೋ ದಂಟು ಸೋಸುತ್ತಿದ್ದವಳು ತಲೆ ಎತ್ತಿ, "ಇದಕ್ಕೂ ನನ್ನ ಕೇಳ್ಬೇಕಿತ್ತೇನೆ? ಪಾಪ, ಜೊತೇಲೇ ಕರ್ಕೊಂಡ್ ಬರೋದಲ್ವಾ?" ಎಂದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಓಡಿದೆ. "ಬನ್ನಿ ಅಕ್ಕ, ಅಮ್ಮನೇ ಕರೀತಿದಾಳೆ."

"ಅಯ್ಯೋ, ತಮಾಸೆಗಂದೆ ಕಣವ್ವಾ. ಗಿರಾಕಿ ಬುಟ್ಟು ಎಲ್ಲಿಗ್ ಬರಾನ?" ಎಂದು ನನ್ನ ಚೀಲಕ್ಕೆ ಕೊತ್ತಂಬರಿ ಕಟ್ಟೊಂದನ್ನು ತುರುಕಿದರು. ಎಷ್ಟು ಕರೆದರೂ ಏಳಲಿಲ್ಲ.

ಅಮ್ಮ ಈಗಲೂ ಬೆಳಿಗ್ಗೆ ಹೊತ್ತು ಮುಂಬಾಗಿಲ ಚಿಲಕ ಹಾಕುವುದಿಲ್ಲ. ನಾನು ಆಫೀಸಿನಿಂದ ಬಂದರೆ ಮೊದಲು ಕೇಳುವುದೂ ಅದನ್ನೇ: "ಇವತ್ತೂ ಬರ್ಲಿಲ್ಲ ಕಣೇ ಅವ್ರು. ನೀನು ಸರಿಯಾಗಿ ಕರೆದ್ಯಾ?"