ಸಾಕಷ್ಟು ಹಾಳಾಗದ ಮನೆ

ಅರವತ್ತರ ದಶಕದ ಶುರುವಿನಲ್ಲಿ ಒಂದು ಚಳಿಗಾಲದ ಬೆಳಿಗ್ಗೆ ನಾನು, ಅಮ್ಮ ಮತ್ತು ತಂಗಿ ಶಂಕರನಾರಾಯಣ ಊರಲ್ಲಿ ಬಸ್ಸಿನಿಂದಿಳಿದು, ಗದ್ದೆಯಂಚಿನಲ್ಲಿ ನಡೆದು, ಯಾರೂ ಇಲ್ಲದ ಒಂದು ಮನೆಯನ್ನು ನೋಡಲು ಹೋದೆವು. ಅದು ಎಷ್ಟು ಹಾಳಾಗಿದ್ದರೆ ನಮಗೆ ಅಷ್ಟು ಒಳ್ಳೆಯದಿತ್ತು.

ತಂಗಿಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿರಲಿಲ್ಲ. ಕಿರಿಮಂಜೇಶ್ವರದ ಕಡೆಯ ಅವಳ ಗಂಡನ ಮನೆಯಲ್ಲಿ ಮೊದಲು ಕಷಾಯ, ಆಮೇಲೆ ಕೊಲ್ಲೂರಿಗೆ ಹರಕೆ, ಆಮೇಲೆ ಮೌನ. ಮೌನ ಸಾಕಾದ ಮೇಲೆ ಅವಳ ಅತ್ತೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ, ಈ ಹೆಣ್ಣಿನ ಮೂಲನಾಗ ಪೂಜೆಯಿಲ್ಲದೆ ಬಿದ್ದಿದ್ದಾನೆ, ಮುನಿದಿದ್ದಾನೆ ಎಂದರು. ಕುಟುಂಬ ಮೊದಲು ಎಲ್ಲಿ ನೆಲೆಸಿತ್ತೋ ಅಲ್ಲಿಯ ನಾಗನೇ ಮೂಲನಾಗ. ನಮ್ಮಲ್ಲಿ ವಂಶ ನಡೆಯುವುದು ಹೆಣ್ಣಿನ ಕಡೆಯಿಂದ, ಹಾಗಾಗಿ ನಾಗನೂ ಅವನ ಸಿಟ್ಟೂ ತಾಯಿಯ ಕಡೆಯಿಂದಲೇ ಬರುತ್ತವೆ. ನನಗಾಗಲೇ ಇಬ್ಬರು ಮಕ್ಕಳಿದ್ದರು, ಆದರೆ ಅವರು ಹೆಂಡತಿಯ ಕುಟುಂಬಕ್ಕೆ ಸೇರಿದವರು. ಅಮ್ಮನ ವಂಶದ ಮಟ್ಟಿಗೆ ನಾನು ಮನೆಯಲ್ಲಿ ಊಟ ಮಾಡುವ ಒಬ್ಬ ಗಂಡಸು, ಅಷ್ಟೆ.

ತಂಗಿಯ ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದ್ದರು: ನಾಗನನ್ನು ಹುಡುಕಿ, ಅವನ ಸಿಟ್ಟು ಇಳಿಸುವ ಆಶ್ಲೇಷಾಬಲಿ ಮಾಡಿಸಿ, ಅಲ್ಲಿಯವರೆಗೆ ಮಗನಿಗೆ ಬೇರೆ ಹೆಣ್ಣು ನೋಡುವುದಿಲ್ಲ. ಗಂಡನನ್ನೂ ಕುಂದಾಪುರದ ಡಾಕ್ಟರರಿಗೆ ಒಮ್ಮೆ ತೋರಿಸಬಹುದಲ್ಲ ಎಂದು ನಾನು ಹೆದರುತ್ತ ಹೆದರುತ್ತ ಅಂದಿದ್ದಕ್ಕೆ ಭಾವ ನನ್ನೊಂದಿಗೆ ಮಾತೇ ಬಿಟ್ಟಿದ್ದರು. ದೋಷ ನಾಗನದ್ದಿರಬಹುದು, ಹೆಣ್ಣಿನದ್ದಿರಬಹುದು. ಮೂರನೆಯದನ್ನು ಯೋಚಿಸುವವನಿಗೆ ಬುದ್ಧಿ ಇಲ್ಲ.

ನಾವು ನೋಡಲು ಹೊರಟದ್ದು ಅಮ್ಮನ ಅಜ್ಜಿ ಹುಟ್ಟಿದ ಮನೆ. ಅಲ್ಲಿದ್ದವರಲ್ಲಿ ಕೆಲವರು ತೀರಿಹೋಗಿ, ಕೆಲವರು ಬೊಂಬಾಯಿಯ ಹೋಟೆಲುಗಳಿಗೆ ಹೋಗಿ, ಮನೆ ಖಾಲಿಯಾಗಿ ಬಹಳ ಕಾಲವಾಗಿತ್ತು. ನಾಗನನ್ನು ಒಲಿಸಿಕೊಳ್ಳಲು ಹೊರಟ ನಾನು ಹಾವಿನ ಭಯಕ್ಕೆ ಉದ್ದನೆಯ ಕೋಲು ಹಿಡಿದಿದ್ದೆ. ಬಿದ್ದ ಬಾವಿಕಟ್ಟೆ, ಕುಸಿಯುವ ಗೋಡೆ, ತಪ್ಪುವ ಸಂಜೆಯ ಬಸ್ಸು, ಎಲ್ಲದರ ಚಿಂತೆಯೂ ಜೊತೆಗಿತ್ತು.

ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. ಹೆಬ್ಬಾಗಿಲಿಗೆ ಕದವೇ ಇರಲಿಲ್ಲ. “ಒಳ್ಳೇದಾಯ್ತ್” ಎಂದಳು. ಚಾವಡಿಯ ಮಾಡು ಕುಸಿದು, ಹಂಚಿನ ರಾಶಿಯ ನಡುವೆ ಎರಡು ಕೆತ್ತನೆಯ ಕಂಬ ಮಾತ್ರ ನಿಂತಿದ್ದವು. “ಕಾಣ್, ಕಾಣ್, ಎಂತ ಅವಸ್ಥೆ!” ಎನ್ನುವಾಗ ಅವಳ ಮುಖದಲ್ಲಿ ಮದುವೆ ಮನೆಯ ಕಳೆ. ತಂಗಿಯೂ ಹುರುಪಿನಿಂದ ಒಳಗೊಳಗೆ ಹೋದಳು. ಕಣಜದ ಕೋಣೆಯಲ್ಲಿ ಬಾವಲಿ, ಬಚ್ಚಲಲ್ಲಿ ಬೇರುಬಿಟ್ಟ ಗೋಳಿಮರ. ಅಡುಗೆಮನೆಯಿಂದ ಅವಳು ಕೂಗಿದಳು: “ಅಮ್ಮಾ, ಬೇಗ ಬಾ! ಒಲಿ ಮೇಲೇ ಹುತ್ತ ಬೆಳ್ದಿತ್ತ್!”

ಹೋಗಿ ನೋಡಿದರೆ ಹೌದು. ಅನ್ನ ಬೇಯುತ್ತಿದ್ದ ಜಾಗದಲ್ಲಿ ಸೊಂಟದೆತ್ತರದ ಕೆಂಪು ಹುತ್ತ. ಅಮ್ಮ ಅಲ್ಲೇ ಕೈ ಮುಗಿದಳು. ತಂಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಒಲೆಯನ್ನೇ ಹುತ್ತ ನುಂಗಿದ ಮೇಲೆ ನಾಗಬನದ ಗತಿ ಕೇಳಬೇಕೇ, ಬಲಿ ಮಾಡಿಸಿದರೆ ಮುಗಿಯಿತು ಎಂದು ನನ್ನಂಥ ಚಿಂತೆಗಾರನಿಗೂ ಒಂದು ಗಳಿಗೆ ಧೈರ್ಯ ಬಂತು.

ಬನ ಹಿತ್ತಲಿನಾಚೆ, ದೊಡ್ಡ ಮರಗಳ ಕೆಳಗಿತ್ತು. ಬಳ್ಳಿಗಳನ್ನು ಕೋಲಿನಿಂದ ಸರಿಸಿಕೊಂಡು ಹೋದೆವು. ಸರಿಸುತ್ತ ಸರಿಸುತ್ತ ಬಳ್ಳಿಗಳು ಮುಗಿದವು. ಮುಂದೆ ಗುಡಿಸಿದ ನೆಲ. ಕಟ್ಟೆಯ ಮೇಲೆ ತೊಳೆದ ನಾಗನ ಕಲ್ಲು, ಅದರ ಹೆಡೆಗೆ ಅರಸಿನ, ಪಕ್ಕದಲ್ಲಿ ಎಣ್ಣೆ ಆರದ ಹಣತೆ.

ನಾವು ಮೂವರೂ ಕಳ್ಳರ ಹಾಗೆ ನಿಂತೆವು.

“ಹ್ವಾಯ್! ಯಾರದ್ ಅಲ್ಲಿ? ಬನದ್ ಹತ್ರ ಕೋಲ್ ಹಿಡ್ಕಂಡ್ ಎಂತ ಮಾಡ್ತ್ರಿ?” ಕೆಳಗಿನ ಗದ್ದೆಯಿಂದ ಕತ್ತಿ ಹಿಡಿದ ಒಬ್ಬ ಹೆಂಗಸು ಹತ್ತಿ ಬಂದಳು. ಆ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವಳು.

“ನಾವ್ ಇದೇ ಮನಿಯರ್ ಮಾರಾಯ್ತಿ. ನನ್ ಅಜ್ಜಿ ಹುಟ್ಟದ್ ಇಲ್ಲೇ” ಎಂದಳು ಅಮ್ಮ.

“ಹೌದಾ! ಹಂಗಾರೆ ಕಾಣಿ, ಒಂದ್ ಎಲಿ ಬಿದ್ದಿತ್ತಾ ಇಲ್ಲಿ? ನಮ್ಮತ್ತಿ ಕಾಲದಿಂದ್ಲೂ ಒಂದ್ ಪಂಚಮಿ ತಪ್ಸಲಿಲ್ಲ. ಭಟ್ರನ್ನ ಕರ್ಸಿ ಕಲ್ಲಿಗೆ ತನು ಹಾಕ್ಸ್ತೊ. ಹಾಲು, ಸೀಯಾಳ, ಎಲ್ಲ ಕ್ರಮದಂಗೇ.”

“ಯಾರ್ ಹೇಳ್ರ್ ನಿಂಗೆ ಮಾಡುಕೆ?” ಎಂದಳು ಅಮ್ಮ.

ಹೊಗಳಿಕೆಗೆ ಕಾದಿದ್ದ ಹೆಂಗಸು ತಬ್ಬಿಬ್ಬಾದಳು. “ಯಾರ್ ಹೇಳ್ಕ್ ಅಮ್ಮ? ಗದ್ದಿ ಅನ್ನ ಉಂಬತಿಗೆ ನಾಗನ್ನ ಬಿಡುಕ್ ಆತ್ತಾ?”

ತಂಗಿ ಕಟ್ಟೆಯ ಮುಂದೆ ಕೂತುಬಿಟ್ಟಳು. ಅಳಲಿಲ್ಲ. “ನಾಗಂಗ್ ಸಿಟ್ಟೇ ಇಲ್ಲೆ ಕಾಣ್ ಅಣ್ಣಯ್ಯ” ಎಂದಳು. “ಇನ್ ಯಾರ್ ಮೇಲ್ ಹಾಕುದ್?”

ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ದಾರಿಯುದ್ದಕ್ಕೂ ಅಮ್ಮ ಹೇಳಿಕೊಟ್ಟಳು: “ಅತ್ತಿ ಕೇಂಡ್ರೆ ಹುತ್ತ ಬೆಳ್ದಿತ್ ಅಂತ ಹೇಳ್. ಸುಳ್ಳೇನಲ್ಲ, ಬೆಳ್ದಿತ್ತಲೆ. ಎಲ್ಲಿ ಅಂತ ಕೇಂತ್ರಾ ಅವ್ರ್?”

ಮರುದಿನ ತಂಗಿಯನ್ನು ಬಿಡಲು ಅವಳ ಗಂಡನ ಮನೆಗೆ ಹೋದೆವು. ಅತ್ತೆ ಜಗಲಿಯಲ್ಲೇ ಕೇಳಿದರು, “ಎಂತ, ಸಿಕ್ತಾ ನಿಮ್ ನಾಗ?”

“ಸಿಕ್ದ ಅಮ್ಮ, ಸಿಕ್ದ. ಹುತ್ತವೇ ಹುತ್ತ, ಎಂತ ಹೇಳುದ್...” ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಮಗೆ ಬೆಲ್ಲ ನೀರು ತಂದ ತಂಗಿ ಲೋಟ ಕೆಳಗಿಟ್ಟು, “ಹುತ್ತ ಇದ್ದದ್ ಒಲಿ ಮೇಲೆ ಅತ್ತಿ. ಬನ ಚೊಕ್ಕ ಇತ್ತ್. ವರ್ಷ ವರ್ಷ ತನು ಹಾಕ್ತ್ರ್” ಎಂದಳು.

ಭಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಅತ್ತೆ ಬಹಳ ಮರ್ಯಾದೆಯಿಂದ ನನಗೆ ಹೇಳಿದರು: “ಹಂಗಾರೆ ಇವ್ಳನ್ನ ನಾಕ್ ದಿನ ಕರ್ಕಂಡ್ ಹೋಯ್ನಿ.”

ಆ ನಾಲ್ಕು ದಿನ ಮುಗಿಯಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಭಾವನಿಗೆ ಬೇರೆ ಹೆಣ್ಣು ತಂದರು. ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆಯಾಗಕೂಡದೆಂದು ಕಾನೂನು ಬಂದು ಎಷ್ಟೋ ವರ್ಷವಾಗಿತ್ತು. ಕೋರ್ಟಿಗೆ ಹೋಗೋಣವೇ ಎಂದು ನಾನು ರಾತ್ರಿಯೆಲ್ಲ ಚಿಂತಿಸಿದೆ. ಚಿಂತಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೆಳಗಾದಾಗ ತಂಗಿ ಬೇಡವೆಂದಳು. ನನಗೆ ಸಮಾಧಾನವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಅಷ್ಟೊಂದು ಸತ್ಯ ಯಾಕೆ ಬೇಕಿತ್ತು ಎಂದು ಒಮ್ಮೆ ಕೇಳಿದೆ. ಅವಳಿಗೆ ಸಿಟ್ಟು ಬಂತು. “ಬಲಿ ಮಾಡ್ಸಿಯೂ ಆಗ್ದಿದ್ರೆ? ಮತ್ತೊಂದ್ ಹಾಳ್ ಮನಿ ಹುಡ್ಕ್ತಿದ್ರಿ. ನಾನ್ ಹಿಂದೆ ಹಿಂದೆ ಬರ್ಕಿತ್ತ್.”

ಅಮ್ಮ ಹುಡುಕುವುದನ್ನು ಬಿಡಲಿಲ್ಲ. ಅದು ನಮ್ಮ ಮೂಲವೇ ಅಲ್ಲ, ನಮ್ಮದು ಹಾಳು ಬಿದ್ದದ್ದೇ ಆಗಿರಬೇಕು ಎಂದು ಅವಳ ವಾದ. ಗಂಡನ ಮನೆಯ ಬಾಗಿಲು ಮುಚ್ಚಿದ ಮೇಲೂ ಅವಳಿಗೆ ಆ ನಾಗ ಬೇಕಿತ್ತು, ಮುನಿದ ನಾಗನೇ ಬೇಕಿತ್ತು. ಬ್ರಹ್ಮಾವರದಿಂದ ಒಳಗೆಲ್ಲೋ ಅಂಥದೊಂದು ಮನೆ ಇದೆಯಂತೆ, ಮಾಡೂ ಇಲ್ಲವಂತೆ ಎಂದು ಒಂದು ದಿನ ಉತ್ಸಾಹದಿಂದ ಸುದ್ದಿ ತಂದಳು.

ತಂಗಿ ತೆಂಗಿನಕಾಯಿ ತುರಿಯುತ್ತಿದ್ದಳು. “ನಾನ್ ಬತ್ತಿಲ್ಲೆ ಅಮ್ಮ. ಅಲ್ಲಿಯೂ ಯಾರಾರೂ ದೀಪ ಹಚ್ತಾ ಇಪ್ರ್.”

“ಬಿಡ್ತ್ ಅನ್!” ಎಂದಳು ಅಮ್ಮ.

ತಂಗಿ ಅನ್ನಲಿಲ್ಲ.